ಕೆಲಸದ ಒತ್ತಡ ತರುವ ಆತಂಕ: ಒಂದೊಂದೇ ಹೆಜ್ಜೆಯಾಗಿ ಹಿಡಿತಕ್ಕೆ ತಂದುಕೊಳ್ಳುವ ಬಗೆ

"ಫ್ರೀ ಆದಾಗ ಒಂದು ಕಾಲ್ ಮಾಡಿ." ಮ್ಯಾನೇಜರ್ ಕಳಿಸಿದ್ದು ಇಷ್ಟೇ. ಓದುತ್ತಿದ್ದಂತೆ ಎದೆ ಡವಡವ, ಅಂಗೈಯಲ್ಲಿ ಬೆವರು. ಹೋದ ವಾರ ಕಳಿಸಿದ ರಿಪೋರ್ಟಿನಲ್ಲಿ ಏನು ಎಡವಟ್ಟಾಗಿರಬಹುದು ಎಂದು ತಲೆ ತಡಕಾಡತೊಡಗುತ್ತದೆ. ಕಾಲ್ ಮಾಡಿ ನೋಡಿದರೆ, ಮುಂದಿನ ತಿಂಗಳು ಯಾವತ್ತು ರಜೆ ಬೇಕು ಎಂದು ಕೇಳಲು ಕರೆದದ್ದು. ಮಾತು ಎರಡು ನಿಮಿಷಕ್ಕೆ ಮುಗಿಯುತ್ತದೆ, ಕೈ ನಡುಕ ನಿಲ್ಲಲು ಅರ್ಧ ಗಂಟೆ ಬೇಕಾಗುತ್ತದೆ.

ಇಂಥದ್ದು ಅಪರೂಪಕ್ಕೊಮ್ಮೆ ಆದರೆ ಚಿಂತೆಯಿಲ್ಲ. ದಿನವೂ ಆಗುತ್ತಿದ್ದರೆ, ರಾತ್ರಿಯ ನಿದ್ದೆಗೂ ರಜಾದಿನಕ್ಕೂ ಹಬ್ಬಿದ್ದರೆ, ಕ್ರಮವಾಗಿ ಕೈಹಾಕಬೇಕು. "ಧ್ಯಾನ ಮಾಡಿ, ಪಾಸಿಟಿವ್ ಆಗಿ ಯೋಚಿಸಿ, ನಾಲ್ಕು ದಿನ ಎಲ್ಲಾದರೂ ಹೋಗಿಬನ್ನಿ" ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದರಲ್ಲಿ ಸುಳ್ಳೇನಿಲ್ಲ, ಆದರೆ ಅಷ್ಟನ್ನೇ ನಂಬಿಕೊಂಡರೆ ಬಹಳ ದಿನ ನಡೆಯದು. ರಜೆ ಮುಗಿಸಿ ಬಂದವರಿಗೆ ಅದೇ ಇನ್‌ಬಾಕ್ಸ್, ಅದೇ ಟಾರ್ಗೆಟ್, ಅದೇ ಗೊಂದಲ ಕಾದಿರುತ್ತದೆ. ಅದಕ್ಕೇ ಇಲ್ಲಿನ ಹೆಜ್ಜೆಗಳಲ್ಲಿ ಕೆಲವು ನಿಮ್ಮ ಮೈಮನಸ್ಸಿಗೆ ಸಂಬಂಧಿಸಿದವು, ಕೆಲವು ಕೆಲಸವನ್ನೇ ಸ್ವಲ್ಪ ಸ್ವಲ್ಪ ಬದಲಿಸುವಂಥವು. ಎರಡನೆಯದನ್ನು ಬಿಟ್ಟು ಮೊದಲನೆಯದನ್ನಷ್ಟೇ ಮಾಡುವುದು, ಸೋರುವ ನಲ್ಲಿಯನ್ನು ಹಾಗೇ ಬಿಟ್ಟು ನೆಲ ಒರೆಸಿದ ಹಾಗೆ.

ಒಳಗೆ ಆಗುತ್ತಿರುವುದೇನು

ಅಪಾಯ ಕಂಡಾಗ ದೇಹ ಹೋರಾಡಲು ಇಲ್ಲವೇ ಓಡಲು ಸಜ್ಜಾಗುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲೇ ಇದನ್ನು ವಿವರಿಸಿದ್ದರು. ಅಡ್ರಿನಲಿನ್ ಹರಿದು ಎದೆಬಡಿತ ಏರುತ್ತದೆ, ಉಸಿರು ಮೇಲುಮೇಲಾಗುತ್ತದೆ, ಹೊಟ್ಟೆಯ ಕಡೆಗಿದ್ದ ರಕ್ತ ಸ್ನಾಯುಗಳ ಕಡೆ ತಿರುಗುತ್ತದೆ. ಬಾಯಿ ಒಣಗುವುದು, ಹೊಟ್ಟೆ ತೊಳಸುವುದು ಎಲ್ಲ ಈ ಸಿದ್ಧತೆಯ ಭಾಗ. ಒತ್ತಡ ಮುಂದುವರಿದರೆ ಕಾರ್ಟಿಸಾಲ್ ಎಂಬ ಹಾರ್ಮೋನು ದೇಹವನ್ನು ಎಚ್ಚರದಲ್ಲೇ ಇಟ್ಟಿರುತ್ತದೆ. ಎದುರಿಗಿರುವುದು ಮೈಮೇಲೆ ಬರುತ್ತಿರುವ ಗಾಡಿಯೋ ಅಪ್ರೈಸಲ್ ಮೀಟಿಂಗೋ ಎಂದು ಈ ವ್ಯವಸ್ಥೆ ಭೇದ ಎಣಿಸುವುದಿಲ್ಲ. ಗಾಡಿಯಾದರೆ ಕ್ಷಣದಲ್ಲಿ ದಾಟಿಹೋಗುತ್ತದೆ. ಅಪ್ರೈಸಲ್ ವಾರಗಟ್ಟಲೆ ಎದುರಿಗೇ ನಿಂತಿರುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಕೆಲಸದ ಹೊರೆ ಎಷ್ಟಿದೆ ಎಂಬುದೊಂದನ್ನೇ ನೋಡಿದರೆ ಸಾಲದು, ಆ ಕೆಲಸವನ್ನು ಹೇಗೆ, ಯಾವ ಕ್ರಮದಲ್ಲಿ ಮಾಡಬೇಕೆಂದು ತೀರ್ಮಾನಿಸುವ ಸ್ವಾತಂತ್ರ್ಯ ಎಷ್ಟಿದೆ ಎಂಬುದನ್ನೂ ನೋಡಬೇಕು ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಕರಸೆಕ್ 1979ರಲ್ಲಿ ವಾದಿಸಿದರು. ಹೊರೆ ಹೆಚ್ಚು, ಹಿಡಿತ ಕಡಿಮೆ ಇರುವ ಕೆಲಸವೇ ಮನುಷ್ಯನನ್ನು ಹೆಚ್ಚು ಹಿಂಡುತ್ತದೆ. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1985ರಲ್ಲಿ ಶುರುವಾದ ಎರಡನೇ ವೈಟ್‌ಹಾಲ್ ಅಧ್ಯಯನವೂ ಅದೇ ದಿಕ್ಕಿಗೆ ಬೆರಳು ತೋರಿಸಿತು: ಕೆಲಸದ ಮೇಲೆ ಹಿಡಿತ ಕಡಿಮೆ ಇದ್ದವರಲ್ಲಿ ಹೃದ್ರೋಗ ಹೆಚ್ಚು, ಮತ್ತು ಅಂಥವರು ಹೆಚ್ಚಾಗಿ ಕೆಳ ಶ್ರೇಣಿಯ ನೌಕರರು. ಟೆನ್ಷನ್ ಎಲ್ಲ ದೊಡ್ಡ ಹುದ್ದೆಯವರಿಗೇ ಎಂಬ ಮಾತನ್ನು ಇನ್ನು ಮುಂದೆ ಯಾರಾದರೂ ಹೇಳಿದರೆ ಇದನ್ನು ನೆನಪಿಸಿಕೊಳ್ಳಿ.

ಆದ್ದರಿಂದ ಮುಂದಿನ ಪ್ರತಿ ಹೆಜ್ಜೆಯಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ನನ್ನ ಕೈಗೆ ಇನ್ನೊಂದಿಷ್ಟು ಹಿಡಿತ ಎಲ್ಲಿ ಸಿಗುತ್ತದೆ?

ಹೆಜ್ಜೆ 1: ಎರಡು ವಾರ ಬರೆದಿಡಿ

ಪರಿಹಾರಕ್ಕೆ ಓಡುವ ಮುಂಚೆ ಕಾಯಿಲೆಯ ಮೂಲ ಗೊತ್ತಾಗಬೇಕು. "ನನಗೆ ಆಫೀಸೇ ಆಗಿಬರಲ್ಲ" ಎಂದರೆ ಏನೂ ತಿಳಿಯುವುದಿಲ್ಲ. ಫೋನಿನಲ್ಲೋ ಪುಟ್ಟ ನೋಟ್‌ಬುಕ್ಕಿನಲ್ಲೋ ನಾಲ್ಕು ಸಂಗತಿ ಬರೆಯುತ್ತಾ ಹೋಗಿ: ಎಷ್ಟು ಹೊತ್ತಿಗೆ, ಏನಾಯಿತು, ಆತಂಕ ಹತ್ತಕ್ಕೆ ಎಷ್ಟು, ಆಮೇಲೆ ನೀವೇನು ಮಾಡಿದಿರಿ. ಉದಾಹರಣೆಗೆ:

ಮಂಗಳವಾರ 11:20. ಕ್ಲೈಂಟ್ ಕಾಲ್‌ಗೆ ನನ್ನನ್ನೂ ಸೇರಿಸಿದ್ದಾರೆ, ಯಾಕೆ ಅಂತ ಹೇಳಿಲ್ಲ. ಎದೆ ಬಿಗಿತ, 7. ಹಳೇ ಮೇಲ್‌ಗಳನ್ನೆಲ್ಲ ತೆಗೆದು ಓದುತ್ತಾ ಕೂತೆ.

ಮಂಗಳವಾರ 4:00. ಮೂರು ಕೆಲಸ ಒಟ್ಟಿಗೆ ಬಂತು, ಮೂರೂ ಇವತ್ತೇ ಬೇಕಂತೆ. 6. ಯಾವುದನ್ನೂ ಶುರುಮಾಡದೆ ಫೋನ್ ನೋಡಿದೆ.

ಬುಧವಾರ ಸಂಜೆ. ದಿನವಿಡೀ ಬಿಡುವಿಲ್ಲದ ಕೆಲಸ, ಊಟವೂ ತಡ. 3. ಸುಸ್ತು ಮಾತ್ರ.

ಈ ಮೂರನೇ ಸಾಲನ್ನು ಗಮನಿಸಿ. ಅತಿ ಹೆಚ್ಚು ಕೆಲಸ ಇದ್ದ ದಿನವೇ ಆತಂಕ ಕಡಿಮೆ ಇತ್ತು, ಏಕೆಂದರೆ ಏನು ಮಾಡಬೇಕೆಂಬುದು ಸ್ಪಷ್ಟವಿತ್ತು. ಈ ವ್ಯಕ್ತಿಗೆ "ಕೆಲಸ ಕಡಿಮೆ ಮಾಡಿಕೋ" ಎಂಬ ಸಲಹೆ ಕೊಟ್ಟು ಪ್ರಯೋಜನವಿಲ್ಲ. ಅವರನ್ನು ಕಾಡುತ್ತಿರುವುದು ಅಸ್ಪಷ್ಟತೆ.

ಎರಡು ವಾರದ ಕೊನೆಗೆ ಕೂತು, ಆರಕ್ಕಿಂತ ಹೆಚ್ಚು ಅಂಕ ಇರುವ ಸಾಲುಗಳನ್ನಷ್ಟೇ ಆರಿಸಿ. ಅವು ಯಾವ ಗುಂಪಿಗೆ ಸೇರುತ್ತವೆ ನೋಡಿ. ನಿಜಕ್ಕೂ ಹೊರೆಯೇ ವಿಪರೀತವೇ? ಯಾರಿಗೆ ಏನು ಬೇಕೆಂದೇ ತಿಳಿಯದ ಗೊಂದಲವೇ? ಒಬ್ಬ ನಿರ್ದಿಷ್ಟ ವ್ಯಕ್ತಿಯೇ? ನಾಲ್ಕು ಜನರ ಮುಂದೆ ಮಾತಾಡುವ ಭಯವೇ? ಕೆಲಸ ಹೋದೀತೆಂಬ ಹೆದರಿಕೆಯೇ? ದುಡಿಮೆಗೆ ತಕ್ಕ ಸಂಬಳ, ಮರ್ಯಾದೆ ಸಿಗುತ್ತಿಲ್ಲವೆಂಬ ಕುದಿಯೇ? ಈ ಕೊನೆಯದನ್ನು ಜನ ಸಾಮಾನ್ಯವಾಗಿ ಆತಂಕದ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಹಾಕುವ ಶ್ರಮಕ್ಕೂ ಸಿಗುವ ಪ್ರತಿಫಲಕ್ಕೂ ತಾಳೆಯಾಗದಿರುವುದೇ ದೊಡ್ಡ ಒತ್ತಡ ಎಂದು ಸಮಾಜಶಾಸ್ತ್ರಜ್ಞ ಯೋಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಒಂದು ಸಿದ್ಧಾಂತವನ್ನೇ ಮಂಡಿಸಿದ್ದಾರೆ.

ಜೊತೆಗೆ ಒಂದು ಅಳತೆಗೋಲು ಇಟ್ಟುಕೊಳ್ಳಿ. 2006ರಲ್ಲಿ ರೂಪುಗೊಂಡ ಜಿಎಡಿ-7 ಎಂಬ, ಆತಂಕ ಅಳೆಯುವ ಪ್ರಶ್ನಾವಳಿಯನ್ನು ವೈದ್ಯರೂ ಬಳಸುತ್ತಾರೆ. ಕಳೆದ ಎರಡು ವಾರಗಳ ಬಗ್ಗೆ ಏಳು ಪ್ರಶ್ನೆ, ಪ್ರತಿಯೊಂದಕ್ಕೆ 0ಯಿಂದ 3 ಅಂಕ, ಒಟ್ಟು 21. 5ರಿಂದ ಸೌಮ್ಯ, 10ರಿಂದ ಮಧ್ಯಮ, 15ರಿಂದ ತೀವ್ರ. ಇದರಿಂದ ಕಾಯಿಲೆ ಇದೆ ಎಂದಾಗಲಿ ಇಲ್ಲ ಎಂದಾಗಲಿ ತೀರ್ಪು ಕೊಟ್ಟುಕೊಳ್ಳಬೇಡಿ. ಆದರೆ ಹತ್ತು ದಾಟಿದರೆ ಕೆಳಗಿನ ಹೆಜ್ಜೆಗಳ ಜೊತೆಜೊತೆಗೇ ವೈದ್ಯರನ್ನೂ ಕಾಣುವುದು ಒಳ್ಳೆಯದು. ಅಂಕವನ್ನೂ ದಿನಾಂಕವನ್ನೂ ಬರೆದಿಡಿ, ಆರು ವಾರದ ನಂತರ ಹೋಲಿಸಲು ಬೇಕಾಗುತ್ತದೆ.

ಹೆಜ್ಜೆ 2: ಗಾಬರಿ ಏರಿದ ಆ ಐದು ನಿಮಿಷಕ್ಕೆ

ಮೀಟಿಂಗಿಗೆ ಹತ್ತು ನಿಮಿಷ ಇದೆ, ಕೈ ತಣ್ಣಗಾಗಿದೆ. ಈ ಹೊತ್ತಿನಲ್ಲಿ ತರ್ಕ ನಾಟುವುದಿಲ್ಲ, ದೇಹದ ಕಡೆಯಿಂದಲೇ ಬರಬೇಕು.

ಎರಡೂ ಪಾದ ನೆಲಕ್ಕೆ ಊರಿ ಕೂತುಕೊಳ್ಳಿ. ಮೂಗಿನಿಂದ ನಾಲ್ಕು ಎಣಿಸುವವರೆಗೆ ಉಸಿರು ತೆಗೆದುಕೊಂಡು, ಆರು ಎಣಿಸುವವರೆಗೆ ಬಿಡಿ. ಒಂದು ಸುತ್ತಿಗೆ ಹತ್ತು ಸೆಕೆಂಡು, ನಿಮಿಷಕ್ಕೆ ಆರು ಉಸಿರು. ಉಸಿರು ಬಿಡುವಾಗ, ಮೆದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಪ್ರಭಾವ ಹೆಚ್ಚಿ ಎದೆಬಡಿತ ನಿಧಾನವಾಗುತ್ತದೆ, ಆದ್ದರಿಂದ ಬಿಡುವ ಉಸಿರು ಉದ್ದವಿರಲಿ. ಇನ್ನೊಂದು ಬಗೆಯೂ ಇದೆ: ಉಸಿರು ತೆಗೆದುಕೊಂಡ ಮೇಲೆ ಅದರ ಮೇಲೆಯೇ ಇನ್ನೊಂದು ಚಿಕ್ಕ ಉಸಿರೆಳೆದು, ಬಾಯಿಯಿಂದ ನಿಧಾನಕ್ಕೆ ಪೂರ್ತಿ ಬಿಡುವುದು. ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಐದು ನಿಮಿಷ ಹೀಗೆ ಮಾಡಿದವರ ಲವಲವಿಕೆ ಧ್ಯಾನ ಮಾಡಿದವರಿಗಿಂತ ಹೆಚ್ಚು ಸುಧಾರಿಸಿತ್ತು. ಆತಂಕ ಎರಡೂ ಗುಂಪಿನಲ್ಲಿ ಇಳಿದಿತ್ತು.

ಬಹಳ ಜನ ಮಾಡುವ ತಪ್ಪೆಂದರೆ, ಗಾಬರಿಯಲ್ಲಿ "ದೀರ್ಘ ಉಸಿರು" ಎಂದುಕೊಂಡು ಬಿರಬಿರನೆ ಜೋರಾಗಿ ಎಳೆದುಕೊಳ್ಳುವುದು. ಅದರಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತದೆ, ಗಾಬರಿ ಇಮ್ಮಡಿಯಾಗುತ್ತದೆ. ಮುಖ್ಯವಾದದ್ದು ನಿಧಾನ, ಆಳವಲ್ಲ. ಇದನ್ನು ಆರಾಮಾಗಿರುವಾಗಲೇ ದಿನಕ್ಕೆರಡು ಸಲ ಅಭ್ಯಾಸ ಮಾಡಿಟ್ಟುಕೊಂಡಿರಬೇಕು.

ಉಸಿರಾಟ ಒಗ್ಗದವರಿಗೆ ಸ್ನಾಯುಗಳಿವೆ. ಭುಜಗಳನ್ನು ಕಿವಿಯ ಕಡೆಗೆ ಎತ್ತಿ ಐದು ಸೆಕೆಂಡು ಬಿಗಿಹಿಡಿದು ಒಮ್ಮೆಲೇ ಬಿಟ್ಟುಬಿಡಿ, ಆಮೇಲೆ ಮುಷ್ಟಿ, ಆಮೇಲೆ ದವಡೆ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 1920ರ ದಶಕದಲ್ಲಿ ರೂಪಿಸಿದ ವಿಧಾನದ ಚುಟುಕು ರೂಪವಿದು. ಮೇಜಿನ ಕೆಳಗೆ ಮುಷ್ಟಿ ಬಿಗಿದರೆ ಯಾರಿಗೂ ಕಾಣುವುದೂ ಇಲ್ಲ.

ಕಾಫಿ, ಟೀ ಬಗ್ಗೆ ಒಂದು ಮಾತು. ಕೆಫೀನ್ ಮಾಡುವುದೂ ಆತಂಕ ಮಾಡುವುದೂ ಹೆಚ್ಚುಕಡಿಮೆ ಒಂದೇ: ಎದೆಬಡಿತ, ಕೈ ನಡುಕ, ಚಡಪಡಿಕೆ. ಕುಡಿದ ಕೆಫೀನಿನಲ್ಲಿ ಅರ್ಧ ಹೊರಹೋಗಲು ಸುಮಾರು ಐದು ಗಂಟೆ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಸಂಜೆ ಐದಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಹತ್ತಕ್ಕೂ ಮೈಯಲ್ಲೇ ಇರುತ್ತದೆ. ಒಂದೇ ಸಲ ನಿಲ್ಲಿಸಿದರೆ ತಲೆನೋವು ಹಿಡಿಯುತ್ತದೆ. ಮಧ್ಯಾಹ್ನದ ನಂತರದ್ದನ್ನು ಮೊದಲು ಬಿಡಿ, ಉಳಿದದ್ದನ್ನು ವಾರಕ್ಕಿಷ್ಟೆಂದು ಇಳಿಸಿ. ಮದ್ಯ ಇದಕ್ಕಿಂತ ಮೋಸ. ಕುಡಿದ ಗಳಿಗೆಗೆ ಹಾಯೆನಿಸುತ್ತದೆ, ರಾತ್ರಿಯ ಎರಡನೇ ಭಾಗದ ನಿದ್ದೆ ಕೆಡುತ್ತದೆ, ಬೆಳಿಗ್ಗೆ ಆತಂಕ ಮೊದಲಿಗಿಂತ ಮೇಲಿರುತ್ತದೆ.

ಒಂದು ಎಚ್ಚರಿಕೆ. ಎದೆನೋವು ತೋಳಿಗೋ ದವಡೆಗೋ ಹರಡಿದರೆ, ತಣ್ಣನೆ ಬೆವರಿನ ಜೊತೆ ಉಸಿರು ಕಟ್ಟಿದರೆ, "ಇದು ನನ್ನ ಮಾಮೂಲಿ ಟೆನ್ಷನ್" ಎಂದುಕೊಂಡು ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಹೆಜ್ಜೆ 3: ಯೋಚನೆಯನ್ನು ಕಾಗದಕ್ಕಿಳಿಸಿ

ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಕಟ್ಟಿದ ಅರಿವಿನ ಚಿಕಿತ್ಸೆಯ ತಿರುಳನ್ನು ಮನೆಯಲ್ಲೇ ಮಾಡಬಹುದಾದಷ್ಟು ಸರಳವಾಗಿ ಹೇಳುವುದಾದರೆ: ತಲೆಯಲ್ಲಿ ಓಡುತ್ತಿರುವ ಭವಿಷ್ಯವಾಣಿಯನ್ನು ಅದರದೇ ಮಾತಿನಲ್ಲಿ ಬರೆಯಿರಿ, ಆಮೇಲೆ ಅದು ನಿಜವಾಯಿತೇ ನೋಡಿ. "ನಾಳೆ ಪ್ರೆಸೆಂಟೇಷನ್ ಚೆನ್ನಾಗಿ ಆಗಲ್ಲ" ಎಂದು ಬರೆದರೆ ಸಾಲದು. "ನಾಳೆ ಮೂರನೇ ಸ್ಲೈಡಿಗೆ ಬರುವಷ್ಟರಲ್ಲಿ ಮಾತು ನಿಂತುಹೋಗುತ್ತದೆ, ಎಲ್ಲರ ಮುಂದೆ ಬಾಸ್ ಬೈಯುತ್ತಾರೆ" ಎಂದು ಬರೆಯಿರಿ. ನೂರಕ್ಕೆ ಎಷ್ಟು ನಂಬಿಕೆ? ಎಂಬತ್ತು ಎಂದಿಟ್ಟುಕೊಳ್ಳಿ. ಮರುದಿನ ಪಕ್ಕದಲ್ಲಿ ಆದದ್ದನ್ನು ಬರೆಯಿರಿ: "ಒಂದು ಸಲ ತಡವರಿಸಿದೆ. ಯಾರೂ ಏನೂ ಅನ್ನಲಿಲ್ಲ. ಒಬ್ಬರು ಅಂಕಿ ಸರಿಯಿಲ್ಲ ಅಂದರು, ತಿದ್ದಿ ಕಳಿಸಿದೆ." ಇಂಥ ಜೋಡಿಗಳು ಒಂದಿಷ್ಟು ಸೇರಿದ ಮೇಲೆ, ನಿಮ್ಮ ತಲೆ ಭವಿಷ್ಯ ಹೇಳುವುದರಲ್ಲಿ ಎಷ್ಟು ನಂಬಿಗಸ್ತ ಎಂಬ ಲೆಕ್ಕ ನಿಮ್ಮ ಬರಹದಲ್ಲೇ ಸಿಗುತ್ತದೆ. ಬೇರೆಯವರು ಹೇಳುವ "ಏನೂ ಆಗಲ್ಲ ಬಿಡು" ಎಂಬ ಸಮಾಧಾನಕ್ಕಿಂತ ಇದಕ್ಕೆ ತೂಕ ಜಾಸ್ತಿ.

ಕೆಲವು ಭವಿಷ್ಯವಾಣಿ ನಿಜವೂ ಆಗುತ್ತವೆ. ಬಾಸ್ ನಿಜಕ್ಕೂ ಎಲ್ಲರ ಮುಂದೆ ಬೈಯುವ ಜಾತಿಯವರಾಗಿದ್ದರೆ ಅದು ಯೋಚನೆಯ ದೋಷವಲ್ಲ. ಅದನ್ನು ಹೆಜ್ಜೆ 6ಕ್ಕೆ ಇಟ್ಟುಕೊಳ್ಳಿ.

ದಿನವಿಡೀ ಕೊರೆಯುವ ಚಿಂತೆಗೆ ಹೊತ್ತು ಗೊತ್ತುಮಾಡುವ ಉಪಾಯವೊಂದಿದೆ. ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಜೊತೆಗಾರರು 1983ರಲ್ಲಿ ಪರೀಕ್ಷಿಸಿದ್ದಿದು. ದಿನಾ ಒಂದೇ ಹೊತ್ತು, ಒಂದೇ ಜಾಗ, ಅರ್ಧ ಗಂಟೆ. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ ಒಂದು ಸಾಲಿನಲ್ಲಿ ಬರೆದಿಟ್ಟು "ಆರೂವರೆಗೆ ನೋಡೋಣ" ಎಂದು ಕೆಲಸಕ್ಕೆ ಮರಳಿ. ಆರೂವರೆಗೆ ಪಟ್ಟಿ ತೆಗೆದು, ನನ್ನ ಕೈಯಲ್ಲಿ ಮಾಡಲಾಗುವುದು ಏನಾದರೂ ಇದೆಯೇ ಎಂದು ಒಂದೊಂದನ್ನೇ ಕೇಳಿ. "ಕೆಲಸ ಹೋದರೆ?" ಎಂಬುದಕ್ಕೆ ಮಾಡಲಾಗುವುದು ಇದೆ: ಎಷ್ಟು ತಿಂಗಳ ಖರ್ಚು ಕೈಯಲ್ಲಿದೆ ಎಂದು ಲೆಕ್ಕ ಹಾಕುವುದು, ರೆಸ್ಯೂಮೆ ತಿದ್ದುವುದು. "ಅವರು ನನ್ನ ಬಗ್ಗೆ ಏನಂದುಕೊಂಡಿರಬಹುದು?" ಎಂಬುದಕ್ಕೆ ಇಲ್ಲ. ಅದನ್ನು ಹೊಡೆದುಹಾಕಿ ಮುಂದಿನದಕ್ಕೆ ಹೋಗಿ. ಮಲಗುವ ಹೊತ್ತಿಗೆ ಹತ್ತಿರ ಈ ಅರ್ಧ ಗಂಟೆ ಬೇಡ.

ಹೆಜ್ಜೆ 4: ತಪ್ಪಿಸಿಕೊಳ್ಳುವ ದಾರಿಗಳನ್ನು ಒಂದೊಂದಾಗಿ ಮುಚ್ಚಿ

ಡೈರಿಯ ಕೊನೆಯ ಕಾಲಂ ನೆನಪಿದೆಯೇ, ಆಮೇಲೆ ಏನು ಮಾಡಿದಿರಿ ಎಂಬುದು? ಈಗ ಅದನ್ನು ಓದಿ. ಮೇಲ್ ತೆರೆಯದೆ ಬಿಟ್ಟದ್ದು, ಕಾಲ್ ತೆಗೆಯದೆ ಆಮೇಲೆ "ನೆಟ್‌ವರ್ಕ್ ಇರಲಿಲ್ಲ" ಎಂದದ್ದು, ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ಮೂಲೆ ಹಿಡಿದದ್ದು. ತಪ್ಪಿಸಿಕೊಂಡ ಕೂಡಲೇ ಜೀವ ಹಗುರಾಗುತ್ತದೆ. ಆ ಹಗುರವೇ ಬಲೆ. ತಪ್ಪಿಸಿಕೊಂಡದ್ದರಿಂದಲೇ ಬದುಕಿದೆ ಎಂದು ಮೆದುಳು ಪಾಠ ಕಲಿಯುತ್ತದೆ, ಮುಂದಿನ ಸಲ ಭಯ ಇನ್ನೊಂದು ಮೆಟ್ಟಿಲು ಮೇಲೆ ನಿಂತಿರುತ್ತದೆ.

ಕಣ್ಣಿಗೆ ಬೀಳದ ತಪ್ಪಿಸಿಕೊಳ್ಳುವಿಕೆಯೂ ಇದೆ. ಮೂರು ಸಾಲಿನ ಮೇಲನ್ನು ಏಳು ಸಲ ಓದಿ ಕಳಿಸುವುದು, ಪ್ರತಿ ಸಣ್ಣ ತೀರ್ಮಾನಕ್ಕೂ ಪಕ್ಕದವರನ್ನು "ಇದು ಸರಿ ಇದೆ ತಾನೇ?" ಎಂದು ಕೇಳುವುದು, ಅಗತ್ಯಕ್ಕಿಂತ ಮೂರು ಪಟ್ಟು ತಯಾರಿ. ಹೊರಗಿನಿಂದ ನೋಡಿದವರು ಇದನ್ನು ಶ್ರದ್ಧೆ ಎನ್ನುತ್ತಾರೆ, ಹೊಗಳುತ್ತಾರೆ ಕೂಡ. ಅದಕ್ಕೇ ಬಿಡುವುದು ಕಷ್ಟ.

ನಿಮ್ಮನ್ನು ಹೆಚ್ಚು ಹೆದರಿಸುವ ಒಂದು ಸಂಗತಿ ಆರಿಸಿಕೊಂಡು ಮೆಟ್ಟಿಲು ಮಾಡಿ. ಮೀಟಿಂಗಿನಲ್ಲಿ ಬಾಯಿ ತೆರೆಯುವುದೇ ಭಯ ಎಂದಿಟ್ಟುಕೊಳ್ಳೋಣ. ಮೊದಲ ವಾರ, ಪರಿಚಯದ ಸಣ್ಣ ಮೀಟಿಂಗಿನಲ್ಲಿ ಒಂದು ಪ್ರಶ್ನೆ ಕೇಳಿ. ಎರಡನೇ ವಾರ, ಅದೇ ಮೀಟಿಂಗಿನಲ್ಲಿ ನಿಮ್ಮ ಕೆಲಸದ ಸ್ಥಿತಿಯನ್ನು ಬರೆದುಕೊಳ್ಳದೆ ಎರಡು ವಾಕ್ಯದಲ್ಲಿ ಹೇಳಿ. ಆಮೇಲೆ, ಒಬ್ಬರ ಅಭಿಪ್ರಾಯಕ್ಕೆ "ನನಗೆ ಸ್ವಲ್ಪ ಬೇರೆ ಅನಿಸುತ್ತೆ" ಎನ್ನಿ. ಅದಾದ ಮೇಲೆ ದೊಡ್ಡ ಮೀಟಿಂಗು. ಪ್ರತಿ ಮೆಟ್ಟಿಲಲ್ಲೂ ಆತಂಕ ಇದ್ದೇ ಇರುತ್ತದೆ, ಅದು ಪೂರ್ತಿ ಹೋಗಲಿ ಎಂದು ಕಾಯಬೇಡಿ. ಅದೇ ಮೆಟ್ಟಿಲಲ್ಲಿ ಹತ್ತಕ್ಕೆ ಏಳಿದ್ದದ್ದು ನಾಲ್ಕರ ಆಸುಪಾಸಿಗೆ ಬಂದಾಗ ಮುಂದಿನದು ಹತ್ತಿ. ಉಸಿರಾಟದ ಅಭ್ಯಾಸವನ್ನೂ ಇಲ್ಲಿ ಹಿತಮಿತವಾಗಿ ಬಳಸಿ. ಉಸಿರು ಎಣಿಸದೆ ಮೀಟಿಂಗಿಗೆ ಕಾಲಿಡಲಾರೆ ಎಂಬ ಹಂತಕ್ಕೆ ಬಂದರೆ ಅದೂ ಇನ್ನೊಂದು ಊರುಗೋಲಾಯಿತು.

ಹೆಜ್ಜೆ 5: ಕೆಲಸದ ಒಳಗೇ ಹಿಡಿತ ಹುಡುಕಿ

ಕೆಲಸ ಕೈಗೆ ಬಂದಾಗಲೇ ಮೂರು ಪ್ರಶ್ನೆ ಕೇಳುವುದನ್ನು ರೂಢಿಮಾಡಿಕೊಳ್ಳಿ. ಇದು ಮುಗಿಯಿತು ಅನ್ನಬೇಕಾದರೆ ಏನೇನು ಇರಬೇಕು? ಯಾವತ್ತಿಗೆ, ಎಷ್ಟು ಹೊತ್ತಿಗೆ? ಇದನ್ನು ಮಾಡಲು ಯಾವುದನ್ನು ಪಕ್ಕಕ್ಕಿಡಲಿ? ಕೇಳಲು ಮುಜುಗರವಾಗುತ್ತದೆ, ನಿಜ. ಆದರೆ "ಅರ್ಜೆಂಟ್" ಎಂಬ ಒಂದೇ ಪದ ಹೊತ್ತು ಬಂದ ಕೆಲಸಗಳಲ್ಲಿ ಎಷ್ಟೋ ಕೆಲಸಕ್ಕೆ, ಹೀಗೆ ಕೇಳಿದ ಮೇಲೆ "ಗುರುವಾರ ಆದರೂ ಸಾಕು" ಎಂಬ ಉತ್ತರ ಬರುತ್ತದೆ.

ಮೇಲ್, ಮೆಸೇಜ್‌ಗಳಿಗೆ ಹೊತ್ತು ಗೊತ್ತುಮಾಡಿ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ 2015ರ ಪ್ರಯೋಗವೊಂದರಲ್ಲಿ ಒಂದು ವಾರ ದಿನಕ್ಕೆ ಮೂರೇ ಸಲ ಮೇಲ್ ನೋಡಿದವರು, ಮನಬಂದಷ್ಟು ಸಲ ನೋಡಿದ ವಾರಕ್ಕಿಂತ ಕಡಿಮೆ ಒತ್ತಡ ಅನುಭವಿಸಿದರು. ಮೂರೇ ಸಲ ಎಂಬುದು ನಿಮ್ಮಲ್ಲಿ ನಡೆಯದಿರಬಹುದು. ಗಂಟೆಗೊಮ್ಮೆ ಎಂದಾದರೂ ಮಾಡಿ, ನೋಟಿಫಿಕೇಷನ್ ಸದ್ದು ಆರಿಸಿ, "ನಿಜಕ್ಕೂ ಅರ್ಜೆಂಟ್ ಇದ್ದರೆ ಕಾಲ್ ಮಾಡಿ" ಎಂದು ತಂಡಕ್ಕೆ ಹೇಳಿಡಿ.

ಇಂಥ ಸಲಹೆಗಳೆಲ್ಲ ಲ್ಯಾಪ್‌ಟಾಪ್ ಮುಂದೆ ಕೂರುವವರಿಗಷ್ಟೇ ಬರೆದಂತಿರುತ್ತವೆ ಎಂಬ ದೂರು ನ್ಯಾಯವಾದದ್ದೇ. ನರ್ಸ್‌ಗೆ, ಕಾಲ್ ಸೆಂಟರಿನವರಿಗೆ, ಡ್ರೈವರಿಗೆ, ಅಂಗಡಿಯ ಕೌಂಟರಿನಲ್ಲಿ ನಿಂತವರಿಗೆ ಕೆಲಸದ ವೇಗ ಅವರ ಕೈಯಲ್ಲಿಲ್ಲ. ಅಲ್ಲಿ ಹಿಡಿತ ಸಿಗುವುದು ಅಂಚುಗಳಲ್ಲಿ: ಶಿಫ್ಟ್ ಬದಲಾಗುವಾಗ ಹಿಂದಿನವರಿಂದ ಏನೇನು ಬಾಕಿ ಎಂದು ಬರಹದಲ್ಲಿ ತೆಗೆದುಕೊಳ್ಳುವುದು, ರೇಗಾಡಿದ ಗ್ರಾಹಕರ ನಂತರ ಎರಡು ನಿಮಿಷ ಒಬ್ಬರ ಜಾಗವನ್ನು ಇನ್ನೊಬ್ಬರು ನೋಡಿಕೊಳ್ಳಲು ಸಹೋದ್ಯೋಗಿಯ ಜೊತೆ ಒಪ್ಪಂದ, ಮುಂದಿನ ತಿಂಗಳ ಶಿಫ್ಟ್ ಪಟ್ಟಿ ಮುಂಚಿತವಾಗಿ ಕೊಡಿ ಎಂದು ಎಲ್ಲರೂ ಸೇರಿ ಕೇಳುವುದು. ಒಬ್ಬರೇ ಕೇಳಿದರೆ ದೂರು, ಆರು ಜನ ಕೇಳಿದರೆ ಬೇಡಿಕೆ.

ಹೆಜ್ಜೆ 6: ಮ್ಯಾನೇಜರ್ ಜೊತೆ ಆಡಬೇಕಾದ ಮಾತು

ಬಹುತೇಕರು ಇದನ್ನು ತಿಂಗಳುಗಟ್ಟಲೆ ಮುಂದೂಡಿ, ಕೊನೆಗೊಂದು ದಿನ ಕಣ್ಣೀರಲ್ಲೋ ಸಿಟ್ಟಲ್ಲೋ ಆಡುತ್ತಾರೆ. ತಣ್ಣಗಿರುವಾಗ, ಕಾಗದ ಹಿಡಿದುಕೊಂಡು, ಒಂದೇ ಕೋರಿಕೆಯೊಂದಿಗೆ ಹೋಗಿ. ದೂರುಗಳ ಮೂಟೆ ಬೇಡ.

"ಸರ್, ಹದಿನೈದು ನಿಮಿಷ ಬೇಕಿತ್ತು. ಈಗ ನನ್ನ ಕೈಯಲ್ಲಿ ಐದು ಕೆಲಸ ಇವೆ, ಇದು ಪಟ್ಟಿ. ಶುಕ್ರವಾರದೊಳಗೆ ಮೂರನ್ನ ಸರಿಯಾಗಿ ಮುಗಿಸಿಕೊಡ್ತೀನಿ. ಯಾವ ಮೂರು ಅಂತ ನೀವು ಹೇಳಿದ್ರೆ, ಉಳಿದೆರಡಕ್ಕೆ ಮುಂದಿನ ವಾರದ ಡೇಟ್ ಕೊಡ್ತೀನಿ."

"ಐದೂ ಬೇಕಲ್ರೀ."

"ಬೇಕು ಸರ್, ಗೊತ್ತು. ಯಾವುದು ಎರಡು ದಿನ ತಡ ಆದ್ರೆ ನಮಗೆ ತೊಂದರೆ ಕಡಿಮೆ, ಅದನ್ನಾದ್ರೂ ಹೇಳಿ."

ಇಲ್ಲಿ "ಆಗಲ್ಲ" ಎಂಬ ಮಾತೇ ಬಂದಿಲ್ಲ, ಆಯ್ಕೆ ಮಾಡುವ ಭಾರ ಆಯ್ಕೆ ಮಾಡಬೇಕಾದವರ ಮೇಲೆ ಹೋಗಿದೆ. ಮಾತು ಮುಗಿದ ಮೇಲೆ ಅದೇ ದಿನ ಎರಡು ಸಾಲಿನ ಮೇಲ್ ಹಾಕಿ: ಮಾತಾಡಿದಂತೆ ಮೊದಲು ಇವು ಮೂರು, ಉಳಿದವು ಇಂಥ ದಿನಕ್ಕೆ. ಮುಂದೆ ಯಾರಾದರೂ "ಅದೇಕೆ ಆಗಿಲ್ಲ?" ಎಂದು ಕೇಳಿದಾಗ ಅದು ನಿಮ್ಮ ಬೆನ್ನಿಗಿರುತ್ತದೆ.

ಆತಂಕದ ವಿಷಯವನ್ನೇ ಹೇಳಬೇಕೇ? ನನ್ನ ಪ್ರಕಾರ ಅದು ಎದುರಿಗಿರುವವರನ್ನು ನೋಡಿ ತೀರ್ಮಾನಿಸಬೇಕಾದದ್ದು. ಇದೇ ವ್ಯಕ್ತಿ ಬೇರೊಬ್ಬರ ಕಾಯಿಲೆಯ ಬಗ್ಗೆ ಹೇಗೆ ಮಾತಾಡಿದ್ದಾರೆ ಎಂಬುದೇ ಒಳ್ಳೆಯ ಸುಳಿವು. ಗುಟ್ಟು ಕಾಯುವವರಲ್ಲ ಎನಿಸಿದರೆ "ಆರೋಗ್ಯದ ಕಾರಣಕ್ಕೆ ವಾರಕ್ಕೊಂದು ದಿನ ಬೇಗ ಹೊರಡಬೇಕಿದೆ" ಎಂದರೆ ಸಾಕು, ವಿವರ ಕೊಡಬೇಕಿಲ್ಲ.

ಬೈಗುಳ, ಅವಮಾನ, ಕಿರುಕುಳ ಇದ್ದಲ್ಲಿ ಲೆಕ್ಕ ಬೇರೆ. ದಿನಾಂಕ, ಹೊತ್ತು, ಆಡಿದ ಮಾತು, ಅಲ್ಲಿದ್ದವರು, ಇಷ್ಟನ್ನು ಆಫೀಸಿನ ಕಂಪ್ಯೂಟರಿನಲ್ಲಿಡದೆ ನಿಮ್ಮ ಬಳಿಯೇ ಬರೆದಿಟ್ಟುಕೊಳ್ಳಿ. ಮಾನವ ಸಂಪನ್ಮೂಲ ವಿಭಾಗಕ್ಕೋ ನೌಕರರ ಸಂಘಕ್ಕೋ ಕಾನೂನಿಗೋ ಹೋಗಬೇಕಾದ ಸಂಗತಿಯನ್ನು ಪ್ರಾಣಾಯಾಮದಿಂದ ಸರಿಮಾಡಿಕೊಳ್ಳಲು ಹೊರಡಬೇಡಿ.

ಹೆಜ್ಜೆ 7: ದಿನವನ್ನು ಮುಚ್ಚಿ, ನಿದ್ದೆಗೆ ದಾರಿ ಬಿಡಿ

ಹೊರಡುವ ಹತ್ತು ನಿಮಿಷ ಮುಂಚೆ ಬಾಕಿ ಉಳಿದದ್ದನ್ನೆಲ್ಲ ಬರೆಯಿರಿ, ಪ್ರತಿಯೊಂದರ ಮುಂದೆ ಯಾವಾಗ ಕೈಗೆತ್ತಿಕೊಳ್ಳುತ್ತೀರಿ ಎಂದೂ ಬರೆಯಿರಿ. ಮುಗಿಯದ ಕೆಲಸ ತಲೆಯಲ್ಲಿ ಗುನುಗುತ್ತಿರುತ್ತದೆ. ಅದನ್ನು ಮುಗಿಸದಿದ್ದರೂ, ಯಾವಾಗ ಹೇಗೆ ಮಾಡುವುದೆಂಬ ಯೋಜನೆ ಬರೆದಿಟ್ಟರೆ ಆ ಗುನುಗು ತಗ್ಗುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ಮಾಸಿಕ್ಯಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ತೋರಿಸಿದ್ದಾರೆ. ಆಮೇಲೆ ಆಫೀಸಿನ ಆ್ಯಪ್ ಮುಚ್ಚಿ. ಮನೆಯಿಂದ ಕೆಲಸ ಮಾಡುವವರು ಲ್ಯಾಪ್‌ಟಾಪನ್ನು ಕಣ್ಣಿಗೆ ಬೀಳದ ಕಡೆ ಎತ್ತಿಡಿ, ಹತ್ತು ನಿಮಿಷ ಹೊರಗೆ ನಡೆದುಬನ್ನಿ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ, ಅದಕ್ಕೆ ಇದೂ ಜಮೆಯಾಗುತ್ತದೆ.

ಹಾಸಿಗೆಯಲ್ಲಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದುಬಿಡಿ. ಮಂದ ಬೆಳಕಿನಲ್ಲಿ ಏನಾದರೂ ಬೇಸರದ್ದನ್ನು ಓದಿ, ಕಣ್ಣು ಎಳೆದಾಗ ಮರಳಿ. ಗಡಿಯಾರ ನೋಡಬೇಡಿ, ಇಪ್ಪತ್ತು ಎಂಬುದು ಅಂದಾಜು. ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ಹೇಳಿದ ಈ ವಿಧಾನದ ಉದ್ದೇಶ, ಹಾಸಿಗೆ ಎಂದರೆ ಚಿಂತಿಸುವ ಜಾಗ ಎಂಬ ನಂಟನ್ನು ಕಡಿಯುವುದು. ಎಷ್ಟೇ ತಡವಾಗಿ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ. ಮೊದಲ ಕೆಲವು ದಿನ ತೂಕಡಿಕೆ ಜಾಸ್ತಿಯಾಗುತ್ತದೆ, ಗಾಡಿ ಓಡಿಸುವವರು ಎಚ್ಚರ.

ಹೆಜ್ಜೆ 8: ವೈದ್ಯರ ಬಳಿ ಯಾವಾಗ

ಆರು ವಾರದ ನಂತರವೂ ಜಿಎಡಿ-7 ಅಂಕ ಇಳಿಯದಿದ್ದರೆ, ಕೆಲಸಕ್ಕೆ ಹೋಗುವುದೇ ಆಗದಿದ್ದರೆ, ಹಠಾತ್ತನೆ ಪ್ಯಾನಿಕ್ ಬರುತ್ತಿದ್ದರೆ, ಕುಡಿತ ಅಥವಾ ಮಾತ್ರೆ ಹೆಚ್ಚುತ್ತಿದ್ದರೆ ಕಾಯಬೇಡಿ. ಸಾಯುವ ಯೋಚನೆ ಸುಳಿದರಂತೂ ಅದೇ ದಿನ: ನಂಬುಗೆಯ ಒಬ್ಬರಿಗೆ ಹೇಳಿ, ಒಬ್ಬರೇ ಇರಬೇಡಿ, ಸಹಾಯವಾಣಿಗೆ ಕರೆ ಮಾಡಿ ಅಥವಾ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ಮೊದಲು ಸಾಮಾನ್ಯ ವೈದ್ಯರೇ ಸಾಕು. ಥೈರಾಯ್ಡ್ ಅತಿಯಾದರೂ, ರಕ್ತಹೀನತೆ ಇದ್ದರೂ ಎದೆ ಡವಡವ ಹೊಡೆದುಕೊಳ್ಳುತ್ತದೆ, ಅದನ್ನು ರಕ್ತಪರೀಕ್ಷೆಯಲ್ಲಿ ನೋಡಿಬಿಡುತ್ತಾರೆ. ನಿಮ್ಮ ಡೈರಿಯನ್ನು ಜೊತೆಗೊಯ್ಯಿರಿ, "ಒಂಥರಾ ಆಗುತ್ತೆ ಡಾಕ್ಟ್ರೇ" ಎಂದು ತಡಕಾಡುವುದು ತಪ್ಪುತ್ತದೆ. ಔಷಧ ಬೇಕೆಂದರೆ ಸಾಮಾನ್ಯವಾಗಿ ಎಸ್‌ಎಸ್‌ಆರ್‌ಐ (ಖಿನ್ನತೆ, ಆತಂಕ ಎರಡಕ್ಕೂ ಬಳಸುವ ಔಷಧ) ಗುಂಪಿನದು ಕೊಡುತ್ತಾರೆ. ಪರಿಣಾಮ ಕಾಣಲು ಕೆಲವು ವಾರ ಹಿಡಿಯುತ್ತದೆ, ಶುರುವಿನಲ್ಲಿ ಚಡಪಡಿಕೆ ಕೊಂಚ ಹೆಚ್ಚಲೂಬಹುದು, ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು. ಆಲ್ಪ್ರಜೋಲಮ್‌ನಂಥ ಮಾತ್ರೆಗಳು ಬೇಗ ತಣಿಸುತ್ತವೆ, ಆದರೆ ಚಟವನ್ನೂ ಹಿಡಿಸಬಹುದು. ಸ್ನೇಹಿತರ ಡಬ್ಬಿಯಿಂದ ಒಂದನ್ನು ಕೇಳಿ ಪಡೆಯುವ ಅಭ್ಯಾಸ ಬೇಡವೇ ಬೇಡ.

ಆತಂಕಕ್ಕಿಂತ ಹೆಚ್ಚಾಗಿ ಬರಿದಾದ ಭಾವ, ಕೆಲಸದ ಬಗ್ಗೆ ಜಿಗುಪ್ಸೆ, ಏನು ಮಾಡಿದರೂ ಅಷ್ಟೇ ಎಂಬ ಉದಾಸೀನ ಇದ್ದರೆ ಅದನ್ನೂ ಹೇಳಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಎಂದು ವಿವರಿಸಿದ್ದು ಇದನ್ನೇ. ಸಂಸ್ಥೆ ಬರ್ನ್‌ಔಟನ್ನು ಕಾಯಿಲೆ ಎನ್ನದೆ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲ ಎಂದಿತು. ಇಲ್ಲಿ ವಿಶ್ರಾಂತಿಯ ಪಾಲು ಹೆಚ್ಚು ಬೇಕಾಗುತ್ತದೆ.

ಕೆಲಸ ಬಿಡುವ ಯೋಚನೆ

ಗಾಬರಿಯ ನೆತ್ತಿಯಲ್ಲಿ ಕೂತು ರಾಜೀನಾಮೆ ಬರೆಯಬೇಡಿ. ಹಾಗೆಂದು ಎಲ್ಲವನ್ನೂ ಸಹಿಸಿಕೊಂಡಿರುವುದು ಗಟ್ಟಿತನವೂ ಅಲ್ಲ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜು ಮಾಡಿವೆ. ಮೇಲಿನ ಹೆಜ್ಜೆಗಳನ್ನು ಮಾಡಿದ ಮೇಲೂ, ಮಾತಾಡಿದ ಮೇಲೂ ಮೂರು ತಿಂಗಳಲ್ಲಿ ಏನೂ ಅಲುಗದಿದ್ದರೆ, ಡೈರಿಯ ಆರಕ್ಕಿಂತ ಮೇಲಿನ ಸಾಲುಗಳೆಲ್ಲ ಅದೇ ವ್ಯಕ್ತಿಯಿಂದಲೋ ಅದೇ ವ್ಯವಸ್ಥೆಯಿಂದಲೋ ಬರುತ್ತಿದ್ದರೆ, ಹುಡುಕಲು ಶುರುಮಾಡಿ. ಕೆಲಸದಲ್ಲಿರುವಾಗಲೇ ಹುಡುಕುವುದು ಮೇಲು. ಎಷ್ಟು ತಿಂಗಳ ಖರ್ಚು ಕೂಡಿಟ್ಟಿದ್ದೀರಿ, ನೋಟಿಸ್ ಪೀರಿಯಡ್ ಎಷ್ಟು, ಯಾರು ನಿಮ್ಮನ್ನು ಅವಲಂಬಿಸಿದ್ದಾರೆ ಎಂಬುದು ಮೊದಲೇ ಕಾಗದದ ಮೇಲಿರಲಿ.

ಡೈರಿಯನ್ನು ಇಂಟರ್‌ವ್ಯೂಗೂ ಬಳಸಿ. ನಿಮ್ಮನ್ನು ಕಾಡಿದ್ದು ಅಸ್ಪಷ್ಟತೆಯಾಗಿದ್ದರೆ, ಇಲ್ಲಿ ಒಂದು ಕೆಲಸದ ಆದ್ಯತೆಯನ್ನು ಯಾರು ತೀರ್ಮಾನಿಸುತ್ತಾರೆ ಎಂದು ಕೇಳಿ. ಹೊರೆಯಾಗಿದ್ದರೆ, ತಂಡದವರು ಸಾಮಾನ್ಯವಾಗಿ ಎಷ್ಟು ಹೊತ್ತಿಗೆ ಹೊರಡುತ್ತಾರೆ ಎಂದು ಕೇಳಿ. ಈ ಹುದ್ದೆಯಲ್ಲಿ ನನ್ನ ಹಿಂದೆ ಇದ್ದವರು ಎಷ್ಟು ದಿನ ಇದ್ದರು, ಯಾಕೆ ಬಿಟ್ಟರು ಎಂದು ಕೇಳುವುದನ್ನಂತೂ ಮರೆಯಬೇಡಿ. ಆ ಪ್ರಶ್ನೆಗೆ ಉತ್ತರ ಕೊಡುವ ಮುಂಚೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಅದನ್ನೂ ಬರೆದುಕೊಳ್ಳಿ.